ಕರುವಿನ ಪಾಲು, ನಾಯಿಯ ಬಟ್ಟಲು

ಬೆಳೆದ ನಾಯಿಗೆ ದಿನಕ್ಕೊಂದು ಬಟ್ಟಲು ಹಾಲು ಬೇಕೇ ಬೇಕು ಎಂಬ ವಿಷಯದಲ್ಲಿ ಮನುಷ್ಯಕುಲವು ಅಪರೂಪದ ಒಮ್ಮತಕ್ಕೆ ಬಂದಿದೆ. ಈ ನಿರ್ಣಯಕ್ಕೆ ಮುನ್ನ ಪಶುವೈದ್ಯರನ್ನು ಕೇಳಲಿಲ್ಲವೆಂಬ ಆಕ್ಷೇಪವೇನೋ ಇದೆ. ಆದರೆ ನಾಯಿಯನ್ನೇ ಕೇಳಲಾಗಿದೆ, ಅದು ಬಟ್ಟಲಿನ ತಳ ಹೊಳೆಯುವಂತೆ ನೆಕ್ಕಿ ತನ್ನ ಸಮ್ಮತಿಯನ್ನು ಸೂಚಿಸಿದೆ ಎಂಬುದು ಹಾಲಿನ ಪಕ್ಷದವರ ಸಮಾಧಾನ. ಚಪ್ಪಲಿಗೂ ಸೋಪಿಗೂ ಕಸದ ಬುಟ್ಟಿಯಲ್ಲಿದ್ದ ಎಣ್ಣೆ ಕಾಗದಕ್ಕೂ ಅದೇ ನಾಯಿ ಅಷ್ಟೇ ಉತ್ಸಾಹದಿಂದ ಸಮ್ಮತಿ ನೀಡಿತ್ತೆಂಬ ಅಂಶವನ್ನು ಮಾತ್ರ ಕಡತದಿಂದ ಕೈಬಿಡಲಾಗಿದೆ.

ಈ ವಿಷಯದಲ್ಲಿ ಮೊದಲ ತೀರ್ಪು ಕೊಟ್ಟವಳು ತಾಯಿನಾಯಿ. ಮರಿಗಳಿಗೆ ಆರೆಂಟು ವಾರವಾಗುವ ಹೊತ್ತಿಗೆ ಅವಳು ಮೊಲೆಯುಣಿಸುವುದನ್ನು ನಿಲ್ಲಿಸುತ್ತಾಳೆ. ಹಟ ಮಾಡಿದ ಮರಿಗೆ ಗುರುಗುಟ್ಟಿ ತಿಳಿಹೇಳುವುದೂ ಉಂಟು. ಮರಿಯ ಸಣ್ಣಕರುಳೂ ಅವಳ ಮಾತನ್ನು ಒಪ್ಪಿ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವದ ತಯಾರಿಕೆಯನ್ನು ಕ್ರಮೇಣ ತಗ್ಗಿಸುತ್ತದೆ. ಆಮೇಲೆ ಬಟ್ಟಲುಗಟ್ಟಲೆ ಬಂದ ಲ್ಯಾಕ್ಟೋಸು ಒಡೆಯದೆ ದೊಡ್ಡಕರುಳಿಗೆ ಇಳಿಯುತ್ತದೆ, ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲವನ್ನು ಹೊರಡಿಸುತ್ತವೆ. ಈ ಇಡೀ ಪ್ರಕ್ರಿಯೆಯ ಲಿಖಿತ ವರದಿಯು ಕೆಲವು ಗಂಟೆಗಳಲ್ಲಿ ನೆಲಹಾಸಿನ ಮೇಲೆ ಸಲ್ಲಿಕೆಯಾಗುತ್ತದೆ. ಎಲ್ಲ ನಾಯಿಗಳಿಗೂ ಹೀಗಾಗುವುದಿಲ್ಲ, ನಾಲ್ಕು ಚಮಚ ಹಾಲನ್ನು ಸದ್ದಿಲ್ಲದೆ ಅರಗಿಸಿಕೊಳ್ಳುವ ನಾಯಿಗಳೂ ಬೇಕಾದಷ್ಟಿವೆ. ಆದರೆ ಅರಗುತ್ತದೆ ಎಂಬುದು ಅಗತ್ಯ ಎಂಬುದಕ್ಕೆ ಹೇಗೆ ಪುರಾವೆಯಾಯಿತೆಂದು ಕೇಳುವವರನ್ನು ಪ್ರಾಣಿದ್ವೇಷಿಗಳ ಸಾಲಿಗೆ ಸೇರಿಸುವುದು ರೂಢಿ.

ಇನ್ನು ಕ್ಯಾಲ್ಸಿಯಂ. ಹಾಲಿಲ್ಲದಿದ್ದರೆ ಮೂಳೆ ಸವೆಯುತ್ತದೆಂಬ ಭಯದ ಮುಂದೆ ಎಲ್ಲ ವಾದಗಳೂ ಸೋಲುತ್ತವೆ. ಸಾವಿರಾರು ವರ್ಷಗಳಿಂದ ತೋಳಗಳು, ಯಾರೂ ಮುಂಜಾನೆ ಎದ್ದು ಹಾಲು ಕಾಯಿಸಿ ಕೊಡದಿದ್ದರೂ, ನಾಲ್ಕು ಕಾಲುಗಳ ಮೇಲೆ ನೆಟ್ಟಗೆ ನಿಂತಿರುವುದು ಹೇಗೆಂಬುದನ್ನು ಈ ಪಕ್ಷವು ಇನ್ನೂ ವಿವರಿಸಿಲ್ಲ. ಸಮತೋಲಿತವಾದ ಪೂರ್ಣಾಹಾರವನ್ನು ತಿನ್ನುವ ನಾಯಿಗೆ ಕ್ಯಾಲ್ಸಿಯಮ್ಮೂ ರಂಜಕವೂ ತಕ್ಕ ಪ್ರಮಾಣದಲ್ಲಿ ಅದರಲ್ಲೇ ಸಿಗುತ್ತವೆ. ದೊಡ್ಡ ತಳಿಯ ಬೆಳೆಯುವ ಮರಿಗಳಿಗಂತೂ ಕ್ಯಾಲ್ಸಿಯಂ ಅತಿಯಾದರೆ ಮೂಳೆಯ ಬೆಳವಣಿಗೆಯೇ ಕೆಡುತ್ತದೆ.

ಲೆಕ್ಕ ಬಲ್ಲವರಿಗೆ ಇನ್ನೂ ಒಂದು ಸೊಗಸಿದೆ. ಐದು ಕಿಲೋ ತೂಗುವ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 350 ಕಿಲೋಕ್ಯಾಲೊರಿ ಸಾಕು. 200 ಮಿಲಿಲೀಟರ್ ಗಟ್ಟಿ ಹಾಲಿನಲ್ಲೇ ಸುಮಾರು 125 ಇರುತ್ತದೆ. ಎಂದರೆ ಊಟ ಮುಗಿಸಿ ಎದ್ದ ಯಜಮಾನನಿಗೆ, ಬಾಯಾರಿಕೆಗಿರಲಿ ಎಂದು, ಒಂದು ಲೀಟರ್ ಹಾಲನ್ನು ದಿನಾಲೂ ಕುಡಿಸಿದಂತೆ. ತಿಂಡಿತೀರ್ಥಗಳೆಲ್ಲ ಸೇರಿ ದಿನದ ಕ್ಯಾಲೊರಿಯ ಶೇ. 10ನ್ನು ಮೀರಬಾರದೆಂದು ಪಶುವೈದ್ಯರು ಹೇಳುತ್ತಾರಾದರೂ, ವಾತ್ಸಲ್ಯವು ಶೇಕಡಾವಾರು ಲೆಕ್ಕಕ್ಕೆ ಸಿಗುವಂಥದ್ದಲ್ಲ.

ನಾಯಿ ಹೊಟ್ಟೆಗೆ ತುಪ್ಪ ದಕ್ಕದು ಎಂದ ಹಿರಿಯರ ಗಾದೆಯಲ್ಲೂ ಒಂದು ತಮಾಷೆಯಿದೆ: ತುಪ್ಪದಲ್ಲಿ ಲ್ಯಾಕ್ಟೋಸು ಇಲ್ಲವೇ ಇಲ್ಲವೆನ್ನಬಹುದು. ಗಾದೆ ಕಟ್ಟಿದವರು ಅಪಾಯವನ್ನು ಒಂದು ಪಾತ್ರೆಯಷ್ಟು ಆಚೆಗೆ ಗುರುತಿಸಿದರು.

ಈ ಗೊಂದಲವನ್ನು ನಿಜವಾಗಿ ಅರ್ಥಮಾಡಿಕೊಂಡಿರುವುದು ಮಾರುಕಟ್ಟೆ ಮಾತ್ರ. ನಾಯಿಗೆ ಬೇಕಿಲ್ಲದ ಹಾಲಿನಿಂದ ನಾಯಿಗೆ ಒಗ್ಗದ ಸಕ್ಕರೆಯನ್ನು ತೆಗೆದು, ಮುದ್ದಾದ ಮುಖದ ಚಿತ್ರವನ್ನು ಅಂಟಿಸಿ, ಹೆಚ್ಚಿನ ಬೆಲೆಗೆ ಮಾರುವ ಈ ಜಾಣ್ಮೆಗೆ ತಲೆಬಾಗಲೇಬೇಕು. ಅದನ್ನು ಕೊಳ್ಳುವವರಲ್ಲಿ ಸ್ವತಃ ಹಾಲು ಅರಗದವರೂ ಇರುತ್ತಾರೆ, ಏಕೆಂದರೆ ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಲ್ಯಾಕ್ಟೋಸು ಪೂರ್ತಿಯಾಗಿ ಜೀರ್ಣವಾಗುವುದಿಲ್ಲ.

ಕೊನೆಗೊಂದು ದಿನ ನಾಯಿಗೆ ಭೇದಿ ಹತ್ತಿ, ಅದು ಮೂಲೆ ಹಿಡಿದು ಮಲಗಿದಾಗ ಮನೆಯಲ್ಲಿ ತುರ್ತು ಸಭೆ ಸೇರುತ್ತದೆ. ನಿನ್ನೆಯ ಊಟ, ಹೊಸ ಬಿಸ್ಕತ್ತು, ನೆರೆಮನೆಯವರ ಕಣ್ಣು, ಎಲ್ಲದರ ಮೇಲೂ ಸಂಶಯ ಹೋಗುತ್ತದೆ. ಸುದೀರ್ಘ ಚರ್ಚೆಯ ಬಳಿಕ, ನಾಯಿ ಬಹಳ ನಿತ್ರಾಣವಾಗಿದೆ, ಪಾಪ, ಇವತ್ತು ಅರ್ಧ ಬಟ್ಟಲು ಹಾಲನ್ನು ಹೆಚ್ಚಿಗೆ ಹಾಕಬೇಕೆಂದು ತೀರ್ಮಾನವಾಗುತ್ತದೆ.