ಮತ್ತೇರಿದ ನಾಲ್ಕನೇ ಕ್ಲಾಸು

ಬೋರ್ಡಿನ ಮೇಲೆ ದೊಡ್ಡದಾಗಿ ‘ಮತ್ತು’ ಎಂದು ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಂಡು, "ಇದು ಯಾರಿಗೆ ಗೊತ್ತು?" ಎಂದು ಕೇಳಿದೆ. ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು.

"ನಂಗೊತ್ತು ಮಿಸ್. ನಮ್ ಮಾವಂಗೆ ದಿನಾ ಸಾಯಂಕಾಲ ಏರ್ತದೆ."

ಇಡೀ ಕ್ಲಾಸು ಗೊಳ್ಳೆಂದಿತು. ಆ ಮಾವನನ್ನು ಊರಲ್ಲಿ ಕಾಣದವರಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಲೈಟುಕಂಬಕ್ಕೆ ಬುದ್ಧಿ ಹೇಳುತ್ತಿದ್ದುದನ್ನು ನಾನೂ ಒಮ್ಮೆ ನೋಡಿದ್ದೆ. "ಆ ಮತ್ತು ಬೇರೆ, ಈ ಮತ್ತು ಬೇರೆ ಕಣ್ರೋ" ಎಂದೆ. ಅಕ್ಷರ ಅದೇ, ಒತ್ತು ಅದೇ, ಆದರೂ ಬೇರೆ ಎಂದರೆ ಯಾವ ಮಗು ನಂಬುತ್ತದೆ?

ಮಂಡ್ಯದ ಕಡೆಯ ಸರ್ಕಾರಿ ಶಾಲೆ ನಮ್ಮದು. ಎರಡು ಸಣ್ಣ ವಾಕ್ಯ ಸೇರಿಸಿ ಒಂದು ಸಂಯೋಜಿತ ವಾಕ್ಯ ಮಾಡಿಸುವುದು ಆ ವಾರದ ಪಾಠ. ಮತ್ತು, ಅಥವಾ, ಆದರೆ, ಆದ್ದರಿಂದ. ಇವಕ್ಕೆ ವ್ಯಾಕರಣದಲ್ಲಿ ‘ಸಂಬಂಧಾರ್ಥಕಾವ್ಯಯ’ ಎಂದು ಹೆಸರು. ಅದನ್ನು ಮಕ್ಕಳ ಬಾಯಲ್ಲಿ ಹೇಳಿಸಲು ಹೋದರೆ ಬಿಸಿಯೂಟದ ಗಂಟೆಯೇ ಹೊಡೆಯುತ್ತದೆ. ಅದಕ್ಕೇ ನಾನು ಸುಮ್ನೆ ‘ಗಂಟು ಪದ’ ಎಂದು ಹೇಳಿಕೊಟ್ಟೆ.

‘ಅಥವಾ’ಕ್ಕೆ ಉದಾಹರಣೆ ಹುಡುಕಬೇಕಾಗಿಯೇ ಇರಲಿಲ್ಲ. ಶಾಲೆಯಲ್ಲಿ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. "ನಮಗೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುತ್ತಾರೆ" ಎಂದು ಬರೆದು, ಇಷ್ಟು ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ ಎಂದು ಒಳಗೊಳಗೇ ಬೀಗಿದೆ. ಮಾವನ ಅಳಿಯ ಮತ್ತೆ ಎದ್ದು ನಿಂತ. "ಮಿಸ್, ಅಲ್ಲಿ ಅಥವಾ ಅಳಿಸಿ ಮತ್ತು ಅಂತ ಬರೀರಿ. ಆವಾಗ ಎರಡೂ ಕೊಡ್ತಾರೆ." ಕ್ಲಾಸೆಲ್ಲ ಚಪ್ಪಾಳೆ. ಪಾಠ ಅವನಿಗೆ ಅರ್ಥವಾಗಿತ್ತು. ಜಾಸ್ತಿಯೇ ಅರ್ಥವಾಗಿತ್ತು.

‘ಆದರೆ’ಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. "ನಮ್ಮ ಮಿಸ್ ತುಂಬಾ ಒಳ್ಳೆಯವರು ಆದರೆ ಸೋಮವಾರವೂ ಬರುತ್ತಾರೆ" ಎಂದು ಒಬ್ಬಳು ಬರೆದಳು. ವ್ಯಾಕರಣ ಸರಿ ಇತ್ತು, ಸರಿ ಹಾಕಿದೆ.

ಇಂಗ್ಲಿಷ್ ಪೀರಿಯಡ್ಡೂ ನನ್ನದೇ. ಅಲ್ಲಿ ಇಂಥ ಗಂಟು ಪದಗಳು ಏಳು: ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ. ಮೊದಲ ಅಕ್ಷರ ಕೂಡಿಸಿದರೆ ಫ್ಯಾನ್‌ಬಾಯ್ಸ್, ಮರೆಯುವುದೇ ಇಲ್ಲ ಎಂದು ಎಲ್ಲೋ ಕಲಿತಿದ್ದೆ. ಉತ್ಸಾಹದಿಂದ ಹೇಳಿದೆ. ಮಕ್ಕಳು ಒಟ್ಟಿಗೆ ತಲೆ ಎತ್ತಿ ಸೂರು ನೋಡಿದರು. "ನಮ್ ಕ್ಲಾಸಲ್ಲಿ ಫ್ಯಾನೇ ಇಲ್ವಲ್ಲ ಮಿಸ್!"

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಹೋಂವರ್ಕ್ ಕೊಟ್ಟೆ. ಬೆಳಿಗ್ಗೆ ಮಾಡುವ ಕೆಲಸಗಳನ್ನೆಲ್ಲ ಸೇರಿಸಿ ಒಂದೇ ವಾಕ್ಯ ಬರೆಯಿರಿ ಎಂದೆ. ಮಾರನೇ ದಿನ ನೋಡಿದರೆ ಎಲ್ಲರ ಪುಸ್ತಕದಲ್ಲೂ ಮತ್ತುವೋ ಮತ್ತು. "ನಾನು ಎದ್ದೆ ಮತ್ತು ಮುಖ ತೊಳೆದೆ ಮತ್ತು ತಿಂಡಿ ತಿಂದೆ ಮತ್ತು ಶಾಲೆಗೆ ಬಂದೆ." ಸಾಲಾಗಿ ಸರಿ ಹಾಕುತ್ತಾ ಹೋದೆ. ಒಬ್ಬಳು ಮಾತ್ರ ಹೀಗೆ ಬರೆದಿದ್ದಳು: "ನಾನು ಎದ್ದು ಮುಖ ತೊಳೆದು ಹಾಲನ್ನು ಡೈರಿಗೆ ಹಾಕಿ ಶಾಲೆಗೆ ಬಂದೆ." ಒಂದೂ ಗಂಟು ಪದ ಇಲ್ಲ! ಕೆಂಪು ಪೆನ್ನಿನಲ್ಲಿ ಉದ್ದಕ್ಕೆ ಒಂದು ತಪ್ಪು ಎಳೆದೆ.

ಮರುದಿನ ಬೆಳಿಗ್ಗೆ ಆ ಪುಸ್ತಕ ಹಿಡಿದು ಅವಳ ಅಜ್ಜಿ ಬಂದರು.

"ಏನವ್ವಾ ಟೀಚರಮ್ಮ, ಇದ್ರಾಗೇನು ತಪ್ಪು? ಮಗೀನೇ ದಿನಾ ಹಾಲ್ ಹಾಕ್ಬುಟ್ಟು ಬರಾದು. ಹಾಕಿಲ್ಲ ಅಂತ ಡೈರಿಯವ್ರು ಏನಾರ ಹೇಳುದ್ರಾ?"

"ಹಾಲಿನದಲ್ಲ ಅಜ್ಜಿ, ವಾಕ್ಯ ತಪ್ಪು. ಮತ್ತು ಹಾಕಿಲ್ಲ."

"ಹಾಲಿಗಾ?"

ಇನ್ನು ಏನು ಹೇಳಲಿ? ಕೂರಿಸಿ ನೀರು ಕೊಟ್ಟೆ. ಅಜ್ಜಿ ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು, "ಎದ್ದು ಹಟ್ಟಿ ಗುಡಿಸಿ ಸಾರಿಗಿಟ್ಟು ಬಂದಿವ್ನಿ, ಒಲೆ ಉರೀತಾ ಅದೆ" ಎನ್ನುತ್ತಾ ಹೊರಟೇಬಿಟ್ಟರು. ಅವರ ಬೆನ್ನನ್ನೇ ನೋಡುತ್ತಾ ಎಣಿಸಿದೆ. ಎದ್ದು, ಗುಡಿಸಿ, ಇಟ್ಟು, ಬಂದು. ನಾಲ್ಕು ಕೆಲಸ, ಒಂದೇ ಉಸಿರು, ಒಂದೂ ಮತ್ತು ಇಲ್ಲ. ನಾನಾದರೂ ಮನೆಯಲ್ಲಿ "ಅನ್ನ ಬೇಯಿಸಿದೆ ಮತ್ತು ಸಾರು ಮಾಡಿದೆ ಮತ್ತು ಬಡಿಸಿದೆ" ಎನ್ನುತ್ತೇನೆಯೇ? ಹಾಗೆ ಹೇಳಿದರೆ ನಮ್ಮ ಯಜಮಾನರು ನನ್ನ ಬಾಯಿ ವಾಸನೆ ನೋಡುತ್ತಾರೆ.

ಹುಡುಗಿಯನ್ನು ಕರೆದು, ತಪ್ಪಿನ ಮೇಲೆ ಸರಿ ಎಳೆದೆ. ಅದು ಸರಿಯಂತೆ ಕಾಣದೆ ಮುರಿದ ಕುರ್ಚಿಯಂತೆ ಕಂಡಿತು. ಪಕ್ಕದಲ್ಲಿ ‘ಗುಡ್’ ಎಂದೂ ಬರೆದೆ. ಆಮೇಲೆ ಬೋರ್ಡಿಗೆ ಹೋಗಿ ಹೊಸದಾಗಿ ಶುರು ಮಾಡಿದೆ. ಮತ್ತು ಇಲ್ಲದೆಯೂ ಗಂಟು ಹಾಕಬಹುದು ಕಣ್ರೋ, ಪದದ ಬಾಲಕ್ಕೆ ಒಂದು ‘ಊ’ ಸೇರಿಸಿದರೂ ಸಾಕು: ಅಪ್ಪನೂ ಅಮ್ಮನೂ, ಹಸುವೂ ಕರುವೂ. ಮಕ್ಕಳಿಗೆ ಇದು ತಟ್ಟನೆ ಹಿಡಿಯಿತು. ಮನೆಯಲ್ಲಿ ಆಡುವ ಮಾತೇ ತಾನೆ.

ಮಧ್ಯಾಹ್ನ ಊಟದ ಸಾಲಿನಲ್ಲಿ ಗಲಾಟೆ. ಹೋಗಿ ನೋಡಿದರೆ ಮಾವನ ಅಳಿಯ ತಟ್ಟೆ ಒಡ್ಡಿಕೊಂಡು ನಿಂತಿದ್ದಾನೆ. "ಮೊಟ್ಟೇನೂ ಬಾಳೆಹಣ್ಣೂ ಹಾಕಕ್ಕಾ. ಮಿಸ್ಸೇ ಹೇಳ್ಕೊಟ್ಟವ್ರೆ." ಅವನ ಹಿಂದೆ ಇಡೀ ನಾಲ್ಕನೇ ಕ್ಲಾಸು. ಅಡುಗೆಯವರು ಸೌಟು ಹಿಡಿದು ನನ್ನನ್ನೇ ದುರುಗುಟ್ಟಿ ನೋಡಿದರು.

ನಾನು ತಲೆ ಎತ್ತಿ ಸೂರಿನಲ್ಲಿ ಫ್ಯಾನ್ ಹುಡುಕತೊಡಗಿದೆ.