ಬಂಡೆ ಒಡೆದು ಬಂಡೆ ಕಟ್ಟುವ ಕಾಮಗಾರಿ

ನಿಸರ್ಗದ ನಡುವೆ ಯಾರ ಕಣ್ಣಿಗೂ ಬೀಳದಂತೆ ವೀಕ್ಷಣಾ ಗೋಪುರ ಕಟ್ಟುವ ಹುಮ್ಮಸ್ಸು ಕೊಪ್ಪಳ ಜಿಲ್ಲೆಗೂ ಬಂದಿದೆ ಎಂದುಕೊಳ್ಳಿ. ಗುಡ್ಡದ ಹೆಸರು ಬೇಡ. ಹೆಸರು ಹೇಳಿದರೆ ನಾಳೆ ಬೆಳಿಗ್ಗೆಯೇ ಅಲ್ಲಿ ಗುದ್ದಲಿ ಪೂಜೆ ಆದೀತು. ಗಂಗಾವತಿ ಸೀಮೆಯದು, ಮೈತುಂಬ ಗುಂಡುಬಂಡೆ, ಕೆಳಗೆ ಭತ್ತದ ಗದ್ದೆ, ದಾರಿಯಲ್ಲಿ 'ಸಂರಕ್ಷಿತ ಪ್ರದೇಶ' ಎಂಬ ಫಲಕ, ಫಲಕದ ಬುಡದಲ್ಲಿ ಒಡೆದ ಬಾಟಲಿಗಳು. ಇಷ್ಟು ಗುರುತು ಸಾಕು.

ಗೋಪುರಕ್ಕಾಗಿ ಒಂದು ಸಮಿತಿಯಾಗುತ್ತದೆ. ಕಟ್ಟಡ ಪರಿಸರಕ್ಕೆ ಹೊಂದಿಕೊಳ್ಳಬೇಕು ಎಂಬುದು ಅದರ ಮೊದಲ ನಿರ್ಣಯ. ಈ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಕ್ಕದ ಹಂಪಿ, ಆನೆಗೊಂದಿಯ ತೂಗುಸೇತುವೆ ಮುಂತಾದ ಕಾಮಗಾರಿಗಳ ದೆಸೆಯಿಂದ 1999ರಲ್ಲಿ 'ಅಪಾಯದಲ್ಲಿರುವ' ತಾಣಗಳ ಪಟ್ಟಿಗೂ ಸೇರಿತು. ಅಲ್ಲಿಂದ ಹೊರಬಂದದ್ದು 2006ರಲ್ಲಿ. ಕಟ್ಟಿದರೆ ಪರವಾಗಿಲ್ಲ, ಕಾಣಿಸಬಾರದು. ಅಷ್ಟು ವರ್ಷಗಳಲ್ಲಿ ನಮ್ಮವರು ಕಲಿತ ಪಾಠ ಇಷ್ಟೇ.

ಬೆಂಗಳೂರಿನ ಸಲಹೆಗಾರರು ಪರದೆಯ ಮೇಲೆ ನಕ್ಷೆ ತೋರಿಸುತ್ತಾರೆ. ಗೋಪುರವು ಒಂದರ ಮೇಲೊಂದು ಕೂತ ಐದು ಬಂಡೆಗಳಂತೆಯೇ ಇರುತ್ತದೆ, ಒಳಗೆ ಸುರುಳಿ ಮೆಟ್ಟಿಲು. ದೂರದಿಂದ ನೋಡಿದವರಿಗೆ ಗುಡ್ಡ ಯಾವುದು, ಗೋಪುರ ಯಾವುದು ತಿಳಿಯುವುದಿಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. ಇಂಥ ಗೋಪುರಕ್ಕೆ ಅಡಿಪಾಯ ಬೇಕಲ್ಲ? ಅಡಿಪಾಯಕ್ಕೆ ಜಾಗ ಬೇಕು. ಜಾಗದಲ್ಲಿ ಬಂಡೆಗಳು ಕೂತಿವೆ. ಅವುಗಳಿಗೆ ಕುಳಿ ಕೊರೆದು ಮದ್ದು ತುಂಬಿ ಸಿಡಿಸಬೇಕು. ಸಿಡಿದ ಕಲ್ಲು ಕ್ರಷರ್‌ಗೆ ಹೋಗಿ ಜಲ್ಲಿಯೂ ಎಂ-ಸ್ಯಾಂಡೂ ಆಗಿ ಅದೇ ಗುಡ್ಡಕ್ಕೆ ಟಿಪ್ಪರ್‌ನಲ್ಲಿ ವಾಪಸು ಬರಬೇಕು. ಅದಕ್ಕೆ ಸಿಮೆಂಟು ಬೆರೆಸಿ, ಕಂಬಿ ಕಟ್ಟಿ, ಜಾಲರಿ ಬಿಗಿದು, ಗುಂಡಗೆ ಮೆತ್ತಿ, ಬಣ್ಣ ಬಳಿದರೆ ಬಂಡೆ ಸಿದ್ಧ! ಈ ಸೀಮೆಯ ಕಣಶಿಲೆಯ, ಅಂದರೆ ಗ್ರಾನೈಟಿನ, ವಯಸ್ಸು ಸುಮಾರು 250 ಕೋಟಿ ವರ್ಷ. ಬಿರುಕುಗಳಲ್ಲಿ ನೀರು ಇಳಿದು, ಅಂಚುಗಳು ಸವೆದು, ಪದರ ಪದರವಾಗಿ ಸಿಪ್ಪೆ ಸುಲಿದು, ಇದ್ದಲ್ಲೇ ಗುಂಡಗಾದ ಬಂಡೆಗಳಿವು. ವಾಲಿ ಸುಗ್ರೀವರು ಕಾದಾಡುತ್ತ ಎಸೆದವು ಎಂದು ಊರವರು ಹೇಳುತ್ತಾರೆ. ನಿಜವೇ ಆಗಿದ್ದರೂ ಅವರು ಎಸೆದದ್ದು ಇಡೀ ಬಂಡೆಯನ್ನು, ಜಲ್ಲಿಯನ್ನಲ್ಲ.

ನಮ್ಮವರ ಸಿಮೆಂಟು ನಿಸರ್ಗದ ಮಾದರಿ ನೋಡಬೇಕಾದರೆ ಯಾವುದೇ ಉದ್ಯಾನಕ್ಕೆ ಹೋಗಿ. ಸಿಮೆಂಟಿನ ಕಟಕಟೆಗೆ ಬಿದಿರಿನ ಗೆಣ್ಣು ಕೊರೆದು ಹಸಿರು ಹಳದಿ ಬಳಿದಿರುತ್ತಾರೆ. ಎರಡನೆಯ ಮಳೆಗಾಲಕ್ಕೆ ಗೆಣ್ಣಿನ ಬಳಿ ಬಣ್ಣ ಏಳುತ್ತದೆ, ಮೂರನೆಯದಕ್ಕೆ ಸಿಮೆಂಟು ಏಳುತ್ತದೆ, ಆಮೇಲೆ ಬಿದಿರಿನ ಹೊಟ್ಟೆಯಿಂದ ತುಕ್ಕು ಹಿಡಿದ ಕಂಬಿ ಇಣುಕುತ್ತದೆ. ಪಕ್ಕದಲ್ಲಿ ಸಿಮೆಂಟಿನ ಮರದ ಬೊಡ್ಡೆ. ಅದಕ್ಕೆ ಜಾಗ ಮಾಡಿಕೊಡಲು ಕಡಿದ ಬೇವಿನ ಬೊಡ್ಡೆ ಅದರ ಹಿಂದೆಯೇ ಇರುತ್ತದೆ. ಜನ ಕೂರುವುದು ಎರಡನೆಯದರ ಮೇಲೆ, ಅದು ಬಿಸಿಲಿಗೆ ಕಾಯುವುದಿಲ್ಲವಲ್ಲ.

ಸ್ಥಳೀಯ ಮಾದರಿ ಇಲ್ಲವೆಂದೇನೂ ಅಲ್ಲ. ಹಿರೇಬೆಣಕಲ್ ಗುಡ್ಡದ ಮೇಲೆ ಮೋರೇರ ಮನೆಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನವರು ಅದೇ ಗುಡ್ಡದ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ ಕಟ್ಟಿದ ಶಿಲಾಸಮಾಧಿಗಳವು. ಈಗಲೂ ನಿಂತಿವೆ, ಗುಡ್ಡದೊಡನೆ ಒಂದಾಗಿವೆ. ಆದರೆ ಆ ಗುತ್ತಿಗೆದಾರರ ಬಳಿ ಜಿಎಸ್‌ಟಿ ನೋಂದಣಿ ಇರಲಿಲ್ಲವಾದ್ದರಿಂದ ಸಮಿತಿ ಆ ಮಾದರಿಯನ್ನು ಪರಿಗಣಿಸಲಿಲ್ಲ.

ಬದಲಿಗೆ ಡೆನ್ಮಾರ್ಕ್‌ಗೆ ಅಧ್ಯಯನ ಪ್ರವಾಸ. ಅಲ್ಲಿನ ಗಿಸೆಲ್‌ಫೆಲ್ಡ್ ಕಾಡಿನಲ್ಲಿ 2019ರಲ್ಲಿ ತೆರೆದ 45 ಮೀಟರ್ ಎತ್ತರದ ಗೋಪುರವಿದೆ. ನಡು ಸಣ್ಣಗಿದೆ, ಮೇಲೆ ಕೆಳಗೆ ಅಗಲ, ಡಮರುಗದ ಆಕಾರ. ಉಕ್ಕಿನ ಮೇಲ್ಮೈ ತುಕ್ಕು ಹಿಡಿದು, ಆ ತುಕ್ಕೇ ಒಳಗಿನ ಲೋಹಕ್ಕೆ ಕವಚವಾಗಿ, ಮರಗಳ ಕಂದು ಬಣ್ಣದೊಡನೆ ಬೆರೆಯುತ್ತದೆ. ಚೆಂದದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದೇಶದ ಅತಿ ಎತ್ತರದ ನೈಸರ್ಗಿಕ ನೆಲವೇ ಸುಮಾರು 171 ಮೀಟರ್. ಏರಲು ಗುಡ್ಡವಿಲ್ಲದವರು ಗೋಪುರ ಕಟ್ಟಿಕೊಂಡರು. ನಮ್ಮಲ್ಲಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದರೆ ತುಂಗಭದ್ರೆಯೂ ಗದ್ದೆಯೂ ಹಂಪಿಯೂ ಒಟ್ಟಿಗೆ ಕಾಣುತ್ತವೆ. ಮೆಟ್ಟಿಲೇ ಬೇಡವೆಂದರೆ ಊರಿನ ಯಾವ ಬಂಡೆಯಾದರೂ ಆದೀತು. ಪ್ರವಾಸದ ವರದಿಯಲ್ಲಿ ಈ ಅಂಶ ಸೇರಲಿಲ್ಲ. ತುಕ್ಕಿನ ಅಂಶ ಮಾತ್ರ ಸೇರಿತು. ತುಕ್ಕಿನ ವಿಷಯದಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕಿನ ಏಣಿಗಳು ಅವರಿಗಿಂತ ಮುಂದಿವೆ ಎಂದು ಒಬ್ಬ ಸದಸ್ಯರು ಹೆಮ್ಮೆಪಟ್ಟರು.

ಈ ಮರೆಮಾಚುವಿಕೆ ಯಾರಿಗಾಗಿ ಎಂಬುದೂ ಕೇಳಬೇಕಾದ ಪ್ರಶ್ನೆ. ಈ ಗುಡ್ಡಗಳ ಖಾತೆದಾರ ಕರಡಿ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಗೆದ್ದಲು ಎಲ್ಲಿದೆ ಎಂದು ನೆಲದ ಮೇಲಿಂದಲೇ ಮೂಸಿ ಹೇಳುವ ಪ್ರಾಣಿ. ಬಳ್ಳಾರಿ ಕಡೆಯ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ, ಅದನ್ನು ನೆಕ್ಕಲು ಬರುವ ಕರಡಿಗಳನ್ನು ಗೋಪುರದಿಂದ ತೋರಿಸುವುದು ಈ ಮೂಗಿನ ಭರವಸೆಯ ಮೇಲೆಯೇ. ನಮ್ಮ ಗೋಪುರ ಎಷ್ಟೇ ಬಂಡೆಯಂತಿರಲಿ, ಕರಡಿಗೆ ಅದು ಬಣ್ಣದ ಡಬ್ಬಿಯ ವಾಸನೆ. ಬುಡದಲ್ಲಿ ಮಿರ್ಚಿ, ಮಂಡಕ್ಕಿ ಒಗ್ಗರಣೆಯ ಅಂಗಡಿ ಎದ್ದ ಮೇಲಂತೂ ಬೆಲ್ಲದ ಖರ್ಚೂ ಉಳಿಯುತ್ತದೆ. ಪ್ರವಾಸಿಗರು ಮೇಲೆ ನಿಂತು ದುರ್ಬೀನಿನಲ್ಲಿ ಕರಡಿಯನ್ನು ಹುಡುಕುವಾಗ ಅದು ಕೆಳಗೆ ಬಾಣಲೆಯ ಹತ್ತಿರ ಇರುತ್ತದೆ.

ಕಾಣದ ಗೋಪುರವನ್ನು ಜನ ಹುಡುಕುವುದಾದರೂ ಹೇಗೆ? ಅದಕ್ಕೆ ಹೆದ್ದಾರಿಯಿಂದಲೇ ಸ್ವಾಗತ ಕಮಾನು, ಪ್ರತಿ ತಿರುವಿನಲ್ಲಿ 'ಅಗೋಚರ ಗೋಪುರಕ್ಕೆ ದಾರಿ' ಎಂಬ ಹೊಳೆಯುವ ಫಲಕ, ರಾತ್ರಿಯ ಅಂದಕ್ಕೆ ಹೈಮಾಸ್ಟ್ ದೀಪ, ಕಮಾನಿಗಿಂತ ಸ್ವಲ್ಪ ಚಿಕ್ಕದಾದ ಉದ್ಘಾಟನಾ ಶಿಲೆ. ಪೂರ್ತಿ ಕಾಣದಿದ್ದರೆ ಬಿಲ್ಲು ಪಾಸಾಗುವುದು ಹೇಗೆ ಎಂದು ಲೆಕ್ಕಪತ್ರದವರು ಕೇಳಿದರು. ಕಡತದಲ್ಲಿ ಮಾತ್ರ ನಿಂತ ಕಾಮಗಾರಿಗಳನ್ನು ಬಲ್ಲವರು ಮುಗುಳ್ನಕ್ಕರು. ನಾನಂತೂ ಆ ಬಗೆಯ ಗೋಪುರದ ಪರ. ಒಂದು ಬಂಡೆಯೂ ಸಿಡಿಯುವುದಿಲ್ಲ, ಕರಡಿಗೂ ಗೊತ್ತಾಗುವುದಿಲ್ಲ.

ಉಳಿದದ್ದು ಬಣ್ಣ. ಬೆಳಿಗ್ಗೆ ಬಂಡೆ ಬೂದು, ಮಧ್ಯಾಹ್ನ ಬಿಳಿಚು, ಸಂಜೆ ಕೆಂಪು, ಮಳೆ ಬಿದ್ದರೆ ಕಪ್ಪು. ಇಲಾಖೆಯ ದರಪಟ್ಟಿಯಲ್ಲಿ ಗಂಟೆಗೊಂದು ಬಣ್ಣಕ್ಕೆ ಅವಕಾಶವಿಲ್ಲ. ಮೇಲಾಗಿ ಬಂಡೆಯ ಬಣ್ಣ ಯಾವ ಪಕ್ಷದ ಬಾವುಟದಲ್ಲೂ ಇಲ್ಲದ ಕಾರಣ ಅದರ ಪರವಾಗಿ ಮಾತಾಡುವವರೂ ಇರಲಿಲ್ಲ. ಕೊನೆಗೆ ಉಗ್ರಾಣದಲ್ಲಿ ಉಳಿದಿದ್ದ ತಿಳಿಗುಲಾಬಿ ಬಣ್ಣಕ್ಕೇ ಒಪ್ಪಿಗೆ ಸಿಕ್ಕಿತು. ಮಾದರಿಗೆಂದು ಬಳಿದು ನೋಡಿದಾಗ ಅದು ಗುಡ್ಡಕ್ಕೆ ಹೊಂದಲಿಲ್ಲ. ನಡಾವಳಿಯ ಕಡೆಯ ಸಾಲು ಹೀಗಿದೆ: 'ಗೋಪುರಕ್ಕೂ ಪರಿಸರಕ್ಕೂ ಹೊಂದಾಣಿಕೆ ತರುವ ದೃಷ್ಟಿಯಿಂದ ಸುತ್ತಲಿನ ಎಲ್ಲ ಬಂಡೆಗಳಿಗೂ ಸದರಿ ಬಣ್ಣವನ್ನೇ ಎರಡು ಕೋಟ್ ಬಳಿಯಲು ಪೂರಕ ಅಂದಾಜು ಪಟ್ಟಿ ಸಲ್ಲಿಸತಕ್ಕದ್ದು.'