ಶಿಖರ ಮುಟ್ಟದಿದ್ದರೇನಂತೆ

ಸೇನೆಯಲ್ಲಿ ಮಗನನ್ನೋ ಗಂಡನನ್ನೋ ಅಕ್ಕನನ್ನೋ ಕಳೆದುಕೊಂಡವರು ಅವರ ನೆನಪಿಗೆಂದು ಪರ್ವತ ಹತ್ತುತ್ತಾರೆ ಎಂಬುದನ್ನು ಮೊದಲ ಸಲ ಓದಿದಾಗ ನನಗೆ ಕಸಿವಿಸಿಯಾಗಿತ್ತು. ಶೋಕಕ್ಕೂ ಚಾರಣಕ್ಕೂ ಎತ್ತಣ ಸಂಬಂಧ? ತುದಿಯಲ್ಲಿ ನಿಂತು, ಅಗಲಿದವರ ಭಾವಚಿತ್ರ ಹಿಡಿದು ತೆಗೆಸಿಕೊಂಡ ಫೋಟೊಗಳಂತೂ ಬರೀ ತೋರಿಕೆ ಎನ್ನಿಸಿದ್ದವು.

ಆ ಅಭಿಪ್ರಾಯವನ್ನು ಅಲ್ಲಾಡಿಸಿದ್ದು ಕ್ಯಾಪ್ಟನ್ ವಿಜಯಂತ್ ಥಾಪರ್ ಅವರ ಪತ್ರ. ಕಾರ್ಗಿಲ್ ಯುದ್ಧದಲ್ಲಿ, 1999ರ ಜೂನ್ 29ರಂದು, ದ್ರಾಸ್ ವಲಯದ ನೋಲ್ ಎಂಬ ದಿಬ್ಬದಲ್ಲಿ ಅವರು ಮಡಿದರು. ವಯಸ್ಸು 22. ದಾಳಿಗೆ ಮುನ್ನ ಮನೆಯವರಿಗೆಂದು ಬರೆದಿಟ್ಟಿದ್ದ ಪತ್ರದಲ್ಲಿ, ಸಾಧ್ಯವಾದರೆ ಇಲ್ಲಿಗೆ ಬಂದು ನಾವು ಹೋರಾಡಿದ ಜಾಗ ನೋಡಿ ಎಂದು ಕೇಳಿಕೊಂಡಿದ್ದರು. ತಂದೆ ಕರ್ನಲ್ ವಿ.ಎನ್. ಥಾಪರ್ ಹೋದರು. ಒಮ್ಮೆಯಲ್ಲ, ಮತ್ತೆ ಮತ್ತೆ. ಮಗ ಬಿದ್ದ ಆ ದಿಬ್ಬವನ್ನೂ ಹತ್ತಿದರು. ಇಳಿವಯಸ್ಸಿನ ತಂದೆ ಆ ಕಡಿದಾದ ಏರಿನಲ್ಲಿ ಸಾಗಿದ್ದನ್ನು ತೋರಿಕೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಪ್ರಾಣ ಹೋದ ಜಾಗವೇ ಬೆಟ್ಟವಾಗಿರಬೇಕೆಂದೇನೂ ಇಲ್ಲ. ಅಮೆರಿಕದ ಬಾನಿ ಕ್ಯಾರಲ್ ಅವರ ಪತಿ 1992ರಲ್ಲಿ ಅಲಾಸ್ಕಾದಲ್ಲಿ ಸೇನಾ ವಿಮಾನ ಪತನಗೊಂಡು ತೀರಿಕೊಂಡರು. ಎರಡು ವರ್ಷಗಳ ನಂತರ ಅವರು ತಮ್ಮಂತಹ ಕುಟುಂಬಗಳಿಗಾಗಿ ಟ್ಯಾಪ್ಸ್ ಎಂಬ ಸಂಸ್ಥೆ ಕಟ್ಟಿದರು. (ಅಲ್ಲಿನ ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ ಕಹಳೆಯ ರಾಗಕ್ಕೂ ಅದೇ ಹೆಸರು.) ಆ ಸಂಸ್ಥೆ ಇಂತಹ ಕುಟುಂಬದವರನ್ನು ಆಫ್ರಿಕಾದ, 5,895 ಮೀಟರ್ ಎತ್ತರದ ಕಿಲಿಮಂಜಾರೋ ಪರ್ವತಕ್ಕೂ ಕರೆದೊಯ್ದಿದೆ.

ಕಿಲಿಮಂಜಾರೋದಲ್ಲಿ ದಾರಿ ತೋರುವವರ ಬಾಯಲ್ಲಿ ಸದಾ ಒಂದೇ ಮಾತು: ‘ಪೋಲೆ ಪೋಲೆ’. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ನಿಧಾನ, ನಿಧಾನ ಎಂದರ್ಥ. ತುದಿಯಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಅರ್ಧದಷ್ಟು. ಅವಸರ ಮಾಡಿದವರನ್ನು ಪರ್ವತವೇ ಕೂರಿಸುತ್ತದೆ. ಕೆಳಗೆ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಹದಿನೈದು ದಿನ ಕಣ್ಣೀರಿಗೆ ರಿಯಾಯಿತಿ, ಆಮೇಲೆ ‘ಧೈರ್ಯ ತಂದುಕೊಳ್ಳಿ’, ವರ್ಷ ಕಳೆದರೆ ‘ಇನ್ನೂ ಅದನ್ನೇ ಹಚ್ಚಿಕೊಂಡಿದ್ದೀರಾ?’ ಎದುರುಬದುರು ಕೂತು ಸಾಂತ್ವನ ಹೇಳುವವರ ಮುಖ ನೋಡುವುದೇ ಒಂದು ಶಿಕ್ಷೆ. ಏರುದಾರಿಯಲ್ಲಿ ಮುಂದಿರುವವರ ಬೆನ್ನಷ್ಟೇ ಕಾಣುತ್ತದೆ. ಏದುಸಿರಿನ ನಡುವೆ ನಾಲ್ಕು ಮಾತು ಆಡಬಹುದು, ಆಡದೆಯೂ ಇರಬಹುದು. ಮುಂದಿರುವವರೂ ಅಂಥದ್ದೇ ಮನೆಯಿಂದ ಬಂದವರು. ಅವರಿಗೆ ಮೊದಲಿನಿಂದ ವಿವರಿಸುವ ಕೆಲಸವಿಲ್ಲ.

ಹಾಗಾಗಿಯೇ ‘ಶಿಖರ ಜಯಿಸಿದ ವೀರಮಾತೆ’ ಎಂಬಂತಹ ಶೀರ್ಷಿಕೆಗಳನ್ನು ಕಂಡರೆ ನನಗೆ ರೇಗುತ್ತದೆ. ಯಾರನ್ನು ಜಯಿಸಬೇಕಿತ್ತು ಆಕೆ? ತಲೆ ಸಿಡಿದು, ವಾಂತಿಯಾಗಿ, ಅರ್ಧದಾರಿಯಲ್ಲೇ ಹಿಂದಿರುಗಿದ ತಾಯಿಯ ನಡಿಗೆ ಯಾವ ಲೆಕ್ಕದಲ್ಲಿ ಕಡಿಮೆ? ದುಃಖ ಹೊತ್ತು ಬಂದವರಿಗೂ ನಾವು ಪಾಸು, ನಪಾಸು ಎಂದು ಅಂಕ ಹಾಕಬೇಕೇ?

ಎತ್ತರವೂ ಮುಖ್ಯವಲ್ಲ. ಇಂಗ್ಲೆಂಡಿನ ಗ್ರೇಟ್ ಗೇಬಲ್ 899 ಮೀಟರ್ ಅಷ್ಟೇ. ಮೊದಲ ಮಹಾಯುದ್ಧದಲ್ಲಿ ಸತ್ತ ತನ್ನ ಸದಸ್ಯರ ಹೆಸರುಗಳಿರುವ ಕಂಚಿನ ಫಲಕವನ್ನು ಅಲ್ಲಿನ ಚಾರಣಿಗರ ಸಂಘವೊಂದು 1924ರಲ್ಲಿ ಅದರ ನೆತ್ತಿಯ ಮೇಲೆ ನೆಟ್ಟಿತು. ಇಂದಿಗೂ ನವೆಂಬರಿನಲ್ಲಿ, ಯುದ್ಧಗಳಲ್ಲಿ ಮಡಿದವರ ಸ್ಮರಣೆಗೆಂದು ಮೀಸಲಾದ ಭಾನುವಾರ, ಜನ ಚಳಿಯಲ್ಲಿ, ಮಂಜಿನಲ್ಲಿ ಅಲ್ಲಿಗೆ ಹತ್ತಿ ಬರುತ್ತಾರೆ. ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಆಮೇಲೆ ಜಾರುವ ಕಲ್ಲುಗಳ ಮೇಲೆ ಒಬ್ಬರಿಗೊಬ್ಬರು ಕೈಕೊಟ್ಟು ಇಳಿಯುತ್ತಾರೆ.